ಸುಮ್ಮನೆ ನೋಡಿದವಳ ಅಭಿಪ್ರಾಯ

ಟಿಕೆಟ್ ಕಿತ್ತುಕೊಂಡಿದ್ದನ್ನು ಮಾರಿಟ್ ಹೌಗನ್ ಕ್ಷಮಿಸಿಬಿಡುತ್ತಿದ್ದಳೋ ಏನೋ. ಕಿತ್ತುಕೊಳ್ಳುವಾಗ ಅವನು ನಕ್ಕನಲ್ಲ, ಅದನ್ನು ಕ್ಷಮಿಸಲು ಅವಳಿಂದ ಆಗಲಿಲ್ಲ.

ಅವತ್ತು ಗುರುವಾರ ಸಂಜೆ. ಸರೋವರದ ದಡದ ಡುಲೂತ್ ಊರಿನ ಹಳೆಯ ಚಿತ್ರಮಂದಿರದ ಮುಂದೆ ಸಾಲು ಬೀದಿಯ ತಿರುವಿನವರೆಗೂ ಬೆಳೆದಿತ್ತು. ಮೇ ತಿಂಗಳು ಬಂದಿದ್ದರೂ ಸರೋವರದ ಮೇಲೆ ಇನ್ನೂ ಮಂಜುಗಡ್ಡೆ ತೇಲುತ್ತಿತ್ತು. ಸಾಲಿನಲ್ಲಿದ್ದವರಿಗೆ ಚಳಿಯ ಪರಿವೆಯೇ ಇರಲಿಲ್ಲ. ಅವರೆಲ್ಲ 'ಒಂಬತ್ತನೇ ಬಂದರು' ಸಿನಿಮಾಗಳ ಭಕ್ತರು. ಆ ಹೆಸರಿನ ಮೂರು ಸಿನಿಮಾಗಳು ಅವರು ಮಕ್ಕಳಾಗಿದ್ದಾಗ ಬಂದು ಹೋಗಿದ್ದವು: ಆಕಾಶದಲ್ಲಿ ದಾರಿ ತಪ್ಪಿದ ಒಂದು ಹಡಗು, ಅದು ಹುಡುಕುತ್ತಾ ಹೋಗುವ ಒಂದು ಬಂದರು. ಈಗ ಆ ಬಂದರಿನ ಹಿಂದಿನ ಕಥೆ ಹೇಳುವ ನಾಲ್ಕನೆಯದು, ಅವರ ಬಾಯಲ್ಲಿ ಪ್ರೀಕ್ವೆಲ್, ಬಿಡುಗಡೆಯಾಗುತ್ತಿತ್ತು. ಗಂಡಸರು ಹೆಂಗಸರು ಎನ್ನದೆ ಎಲ್ಲರೂ ಬಂದರಿನ ಕಾವಲುಗಾರರ ನೀಲಿ ಕೋಟು ತೊಟ್ಟು ಬಂದಿದ್ದರು.

ಮಾರಿಟ್ ಕೆಲಸ ಮಾಡುವ ಕನ್ನಡಕದ ಅಂಗಡಿಯಿಂದ ನೇರವಾಗಿ ಬಂದಿದ್ದಳು. ರೂಬೆನ್‌ಗೆ ಇಷ್ಟವಾದ ಹಸಿರು ಸ್ವೆಟರ್ ಹಾಕಿಕೊಂಡಿದ್ದಳು. ಕೈಯಲ್ಲಿ ನಿಂಬೆಹುಳಿ ಹಾಕಿ ಬೇಯಿಸಿದ ಕೇಕಿನ ತುಂಡುಗಳ ಡಬ್ಬಿ, ಅವನ ಗೆಳೆಯರಿಗೆಲ್ಲ ಸಾಲುವಷ್ಟು.

ರೂಬೆನ್ ಸಾಲೊ ಶಾಲೆಯಲ್ಲಿ ಬ್ಯಾಂಡ್ ಕಲಿಸುವ ಮೇಷ್ಟ್ರು, ಈ ಭಕ್ತರ ಸಂಘದ ಮುಖಂಡ, ಎರಡು ವರ್ಷದಿಂದ ಅವಳವನು. ಅವಳನ್ನು ಕಂಡವನೇ ಸಾಲು ಬಿಟ್ಟು ಓಡಿಬಂದ. ಅವಳ ಮೊಣಕೈ ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದ.

"ಮಾರಿಟ್, ಬೇಜಾರು ಮಾಡ್ಕೋಬೇಡ. ನಿನ್ನ ಟಿಕೆಟ್ ವರ್ನಾಗೆ ಕೊಟ್ಟುಬಿಟ್ಟೆ. ಅವಳ ಟಿಕೆಟ್ ಏನೋ ಎಡವಟ್ಟಾಯ್ತಂತೆ."

ಮಾರಿಟ್ ಅವನ ಭುಜದಾಚೆ ನೋಡಿದಳು. ಮೂರೂ ಸಿನಿಮಾದ ಮಾತುಗಳನ್ನು ನಿದ್ದೆಯಲ್ಲೂ ಒಪ್ಪಿಸುವ ವರ್ನಾ, ಎತ್ತರದ ಹೆಂಗಸು, ಬೇಕೆಂದೇ ಬೇರೆ ಕಡೆ ಮುಖ ಮಾಡಿ ನಿಂತಿದ್ದಳು.

"ನನಗೆ ಅಂತ ತೆಗೆದಿದ್ದ ಟಿಕೆಟ್ ಅಲ್ವಾ ಅದು?"

"ನಿನಗೆ ಯಾವತ್ತು ನೋಡಿದ್ರೂ ಒಂದೇ ತಾನೆ. ನೀನು ಸುಮ್ನೆ ನೋಡೋಳು," ಎಂದು ರೂಬೆನ್ ನಕ್ಕ. ಹತ್ತಿರ ನಿಂತಿದ್ದ ಒಂದಿಬ್ಬರು ನೀಲಿ ಕೋಟಿನವರೂ ನಕ್ಕರು.

ಈ ಊರಿನ ಜನ ಜಗಳ ಆಡುವವರಲ್ಲ. ಸಿಟ್ಟು ಏರಿದಷ್ಟೂ ನಯವಾಗುತ್ತಾರೆ. ಮಾರಿಟ್ ಡಬ್ಬಿ ತೆರೆದು, ಸಾಲಿನುದ್ದಕ್ಕೂ ನಡೆದು, ಒಬ್ಬೊಬ್ಬರಿಗೂ ಒಂದೊಂದು ತುಂಡು ಕೊಟ್ಟಳು. ವರ್ನಾಗೆ ಎರಡು ಕೊಟ್ಟಳು. ಸಿನಿಮಾ ಚೆನ್ನಾಗಿರಲಿ ಎಂದು ಹಾರೈಸಿ, ಖಾಲಿ ಡಬ್ಬಿ ಬಗಲಲ್ಲಿ ಇಟ್ಟುಕೊಂಡು, ಗುಡ್ಡದ ರಸ್ತೆ ಹತ್ತಿ ಮನೆಗೆ ಹೋದಳು. ದಾರಿಯುದ್ದಕ್ಕೂ ಅವನಿಗೆ ಏನು ಮಾಡಿದರೆ ಉರಿಯುತ್ತದೆ ಎಂದು ಯೋಚಿಸುತ್ತಿದ್ದಳು.

ಅವನು ಮೊದಲು ಸಿಕ್ಕಿದ್ದೇ ಅಂಗಡಿಯಲ್ಲಿ. ಹೊಸ ಕನ್ನಡಕ ಕಿವಿಯ ಹಿಂದೆ ಚುಚ್ಚುತ್ತದೆ ಎಂದು ಬಂದಿದ್ದ. ಕಡ್ಡಿ ಬಗ್ಗಿಸಿ, ಎರಡೂ ಕೈಯಲ್ಲಿ ಹಿಡಿದು ಅವನ ಮುಖಕ್ಕೆ ಇಟ್ಟು ನೋಡುವಾಗ, ಎಲ್ಲ ಗಿರಾಕಿಗಳೂ ಮಾಡುವಂತೆ ಅವನು ಕಣ್ಣು ತಗ್ಗಿಸಲಿಲ್ಲ. ಅವಳನ್ನೇ ನೋಡಿದ. ಮರುದಿನ ಮತ್ತೆ ಬಂದು ಇನ್ನೂ ಚುಚ್ಚುತ್ತದೆ ಎಂದ. ಅದರ ಮರುದಿನವೂ ಬಂದ. ಆಗ ಮಾರಿಟ್, ಕನ್ನಡಕ ಮುಟ್ಟದೆಯೇ, ಎಷ್ಟು ಹೊತ್ತಿಗೆ ಅಂಗಡಿ ಮುಚ್ಚುತ್ತದೆ ಎಂಬುದನ್ನು ಅವನಿಗೆ ತಿಳಿಸಿದಳು.

ಅಷ್ಟು ಹತ್ತಿರದಿಂದ ಶುರುವಾದದ್ದರಲ್ಲಿ ಒಂದೇ ಒಂದು ಮುಳ್ಳು ಉಳಿದಿತ್ತು. ಆ ಸಿನಿಮಾಗಳನ್ನು ತೋರಿಸು ಎಂದು ಅವಳು ಕೇಳಿದಾಗಲೆಲ್ಲ ಅವನು ಈಗ ಬೇಡ ಎನ್ನುತ್ತಿದ್ದ. ಟಿವಿಯಲ್ಲಿ ಬಂದರೆ ಚಾನೆಲ್ ಬದಲಿಸುತ್ತಿದ್ದ. ಗೆಳೆಯರು ಅದರ ಮಾತೆತ್ತಿದರೆ ಕಣ್ಸನ್ನೆ ಮಾಡುತ್ತಿದ್ದ, ಅವರು ತಟ್ಟನೆ ಹವಾಮಾನದ ಮಾತಿಗೆ ಇಳಿಯುತ್ತಿದ್ದರು. ತನ್ನ ಬುದ್ಧಿಗೆ ಅದು ಎಟುಕುವುದಿಲ್ಲ ಎಂದು ಅವನು ಲೆಕ್ಕ ಹಾಕಿದ್ದಾನೆಂದು ಅವಳಿಗೆ ಅನುಮಾನವಿತ್ತು. ಗುರುವಾರ ಆ ಅನುಮಾನಕ್ಕೆ ಅವನೇ ಮುದ್ರೆ ಒತ್ತಿದ.

ಶುಕ್ರವಾರ ಬೆಳಿಗ್ಗೆ ಸೇಡಿಗೆ ಮೊದಲ ಅವಕಾಶ ಕಾಲಲ್ಲೇ ನಡೆದು ಬಂತು. ಹೊಸ ಫ್ರೇಮ್ ಆರಿಸಲು ವರ್ನಾ ಅಂಗಡಿಗೆ ಬಂದಳು. ಎಂದಿಗಿಂತ ಹೆಚ್ಚು ಸಿಹಿಯಾಗಿ ಮಾತಾಡಿದಳು, ಕೇಕ್ ತುಂಬ ಚೆನ್ನಾಗಿತ್ತು ಎಂದಳು. ಮಾರಿಟ್ ಕೂಡ ನಗುನಗುತ್ತಾ, ವರ್ಷಗಟ್ಟಲೆ ಯಾರೂ ಕಣ್ಣೆತ್ತಿ ನೋಡದಿದ್ದ, ದಪ್ಪ ಅಂಚಿನ ಬದನೇಕಾಯಿ ಬಣ್ಣದ ಫ್ರೇಮನ್ನು ಒಳಗಿನಿಂದ ತಂದಳು. ಅದನ್ನು ಹಾಕಿಕೊಂಡ ವರ್ನಾ ಹಗಲಲ್ಲಿ ಎಚ್ಚರವಾದ ಗೂಬೆಯ ಹಾಗೆ ಕಂಡಳು. ನಿಮಗೇ ಅಂತ ಮಾಡಿಸಿದ ಹಾಗಿದೆ ಎಂದು ಮಾರಿಟ್ ಹೇಳಿದಳು. ವರ್ನಾ ನಂಬಿದಳು.

ಮಧ್ಯಾಹ್ನ ರೂಬೆನ್ ಮಾಡಿದ ಫೋನನ್ನು ಅವಳು ಎತ್ತಲಿಲ್ಲ. ಅವನ ಸ್ವೆಟರ್, ಅವನ ಕಾಫಿ ಲೋಟ, ಅವನು ಬಿಟ್ಟುಹೋಗಿದ್ದ ತುತ್ತೂರಿಯ ಎಣ್ಣೆ, ಎಲ್ಲವನ್ನೂ ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿ ಅವನ ಬಾಗಿಲ ಮುಂದೆ ಇಟ್ಟಳು. ಆಮೇಲೆ ತನ್ನದೇ ದುಡ್ಡು ಕೊಟ್ಟು ಟಿಕೆಟ್ ಕೊಂಡು, ಎರಡನೇ ಆಟಕ್ಕೆ ಒಬ್ಬಳೇ ಹೋಗಿ ಹಾಲಿನ ಮಧ್ಯದ ಸಾಲಿನಲ್ಲಿ ಕೂತಳು. ಸಿನಿಮಾವನ್ನು ದ್ವೇಷಿಸಲೆಂದೇ ಹೋಗಿದ್ದಳು.

ದ್ವೇಷಿಸುವುದು ಸುಲಭವಾಗಿಯೇ ಇತ್ತು. ಮೊದಲ ಅರ್ಧ ಗಂಟೆ ಹಡಗುಗಳು ಒಂದನ್ನೊಂದು ಸುಟ್ಟವು. ತಲೆಗೆ ರಬ್ಬರ್ ಮೆತ್ತಿಕೊಂಡ ಹಿರಿಯರು ಸಭೆ ಸೇರಿ ಆಕಳಿಕೆ ಬರುವಷ್ಟು ಚರ್ಚಿಸಿದರು. ಆದರೆ ಕೊನೆಯ ಭಾಗದಲ್ಲಿ ಬಂದರನ್ನು ಕಾಯುವ ತೆಸ್ಸಾ ಎಂಬ ಹುಡುಗಿ ಬಂದಳು, ಅವಳ ಪ್ರೇಮಿ ಓರಿನ್ ಬಂದ. ಬಂದರನ್ನು ಬಿಟ್ಟು ಎಲ್ಲರೂ ಹೊರಡಬೇಕು, ಇರುವುದು ಒಂದೇ ಹಡಗು. ಓರಿನ್ ಅದರ ನಾಯಕ. ಬರುತ್ತೀಯಾ ಎಂದು ಅವನು ತೆಸ್ಸಾಳನ್ನು ಕೇಳಲೇ ಇಲ್ಲ. ದಾರಿ ಅಪಾಯದ್ದು, ನಿನಗೆ ಇಲ್ಲೇ ಕ್ಷೇಮ, ನಾನು ಬಂದು ಕರೆದುಕೊಂಡು ಹೋಗುತ್ತೇನೆ ಎಂದು ತಾನೇ ತೀರ್ಮಾನಿಸಿ ಅವಳ ಕೆನ್ನೆ ತಟ್ಟಿ ಹೊರಟ. ಹಡಗು ಚುಕ್ಕೆಯಾಯಿತು. ತೆಸ್ಸಾ ಖಾಲಿ ಬಂದರಿನಲ್ಲಿ ಮೈಕಿನ ಮುಂದೆ ಕೂತು, ಒಂದು ಗುಂಡಿ ಒತ್ತಿ ಹೇಳಿದಳು: ಒಂಬತ್ತನೇ ಬಂದರು ತೆರೆದಿದೆ, ದೀಪ ಉರಿಯುತ್ತಿದೆ, ಬರುವವರು ಬನ್ನಿ.

ಸುತ್ತಲೂ ಮೂಗೆಳೆಯುವ ಸದ್ದು ಕೇಳಿಸಿತು. ಎಂಥ ತ್ಯಾಗ ಎಂದು ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು. ಮಾರಿಟ್‌ಗೆ ನಗು ಬಂತು. ತ್ಯಾಗವಂತೆ. ಆ ಹುಡುಗಿಯ ದವಡೆ ಬಿಗಿದಿದ್ದು ಇವರಿಗೆ ಕಾಣಲಿಲ್ಲವೇ? ಹಿಂದಿನ ಸಂಜೆ ಡಬ್ಬಿ ಹಿಡಿದುಕೊಂಡು ಸಾಲಿನುದ್ದಕ್ಕೂ ನಡೆದವಳಿಗೆ ಆ ದವಡೆ ಚೆನ್ನಾಗಿ ಗೊತ್ತಿತ್ತು.

ಊರಿನ ಪುಟ್ಟ ರೇಡಿಯೋ ನಿಲಯದಲ್ಲಿ ಶನಿವಾರ ಬೆಳಿಗ್ಗೆ ಎಲ್ಡನ್ ಎಂಬ ಮುದುಕ ಒಂದು ಕಾರ್ಯಕ್ರಮ ನಡೆಸುತ್ತಿದ್ದ. ಯಾವುದಾದರೂ ವಿಷಯ ಎತ್ತಿಕೊಂಡು, ಆ ವಿಷಯ ಏನೇನೂ ಗೊತ್ತಿಲ್ಲದವರನ್ನು ಕರೆದು ಅಭಿಪ್ರಾಯ ಕೇಳುವುದು ಅವನ ಚಟ. ಅವನ ಕನ್ನಡಕ ಮೂಗಿನಿಂದ ಜಾರದ ಹಾಗೆ ನೋಡಿಕೊಳ್ಳುತ್ತಿದ್ದವಳು ಮಾರಿಟ್. ಹಳೆಯ ಮೂರನ್ನು ನೋಡದೆ ಹೊಸದನ್ನು ನೋಡಿದ್ದೇನೆ, ಬಂದು ಮಾತಾಡಲೇ ಎಂದು ಅವಳು ಫೋನ್ ಮಾಡಿದಾಗ ಅವನು ಕುಣಿದಾಡಿದ. ರೂಬೆನ್ ಶನಿವಾರ ಬೆಳಿಗ್ಗೆ ಕಾರಿನಲ್ಲಿ ಬ್ಯಾಂಡ್ ಅಭ್ಯಾಸಕ್ಕೆ ಹೋಗುವಾಗ ಅದನ್ನು ತಪ್ಪದೆ ಕೇಳುತ್ತಾನೆಂದು ಅವಳಿಗೆ ಗೊತ್ತಿತ್ತು.

ಸಿನಿಮಾ ಹೇಗಿತ್ತು ಎಂದು ಎಲ್ಡನ್ ಕೇಳಿದ. ಬೇರೆ ಥರ ಇತ್ತು ಎಂದಳು ಮಾರಿಟ್. ಈ ಊರಿನಲ್ಲಿ ಅಡುಗೆ ಬಾಯಿಗಿಡಲಾಗದಿದ್ದರೆ ಬೇರೆ ಥರ ಇದೆ ಎನ್ನುತ್ತಾರೆ. ಎಲ್ಡನ್ ಖುಷಿಯಿಂದ ಕುರ್ಚಿ ಮುಂದಕ್ಕೆ ಎಳೆದುಕೊಂಡ. ಅವಳು ರಬ್ಬರ್ ತಲೆಗಳನ್ನು ಆಡಿಕೊಂಡಳು, ಹಡಗುಗಳ ಗದ್ದಲವನ್ನು ಆಡಿಕೊಂಡಳು, ನೀಲಿ ಕೋಟು ತೊಟ್ಟು ಚಳಿಯಲ್ಲಿ ನಿಲ್ಲುವ ದೊಡ್ಡವರನ್ನು ಒಂದು ಕೈ ನೋಡಿಕೊಂಡಳು. ಕೊನೆಗೆ ಎಲ್ಡನ್ ತೆಸ್ಸಾಳ ತ್ಯಾಗದ ಮಾತೆತ್ತಿದ.

"ಎಲ್ಲರೂ ತ್ಯಾಗ ಅಂತಾರೆ," ಎಂದಳು ಮಾರಿಟ್. "ನಾನು ಸುಮ್ನೆ ನೋಡೋಳು, ನನಗೆ ಹಾಗೆ ಕಾಣಲಿಲ್ಲ. ಅದು ಸೇಡು. ಬಾ ಅಂತ ಒಂದು ಮಾತು ಕೇಳೋ ಸೌಜನ್ಯ ಅವನಿಗಿರಲಿಲ್ಲ. ಅವಳಿಗೆ ಏನು ಬೇಕು ಅಂತ ಅವನೇ ತೀರ್ಮಾನ ಮಾಡಿದ. ಅದಕ್ಕೇ ಮೈಕ್ ಹಿಡಿದು ಕೂತಳು. ಅವನು ಎಷ್ಟು ದೂರ ಹೋದ್ರೂ ಅವಳ ದನಿ ಕೇಳಿಸಬೇಕು. ಉಣ್ಣೋವಾಗ ಕೇಳಿಸಬೇಕು, ಮಲಗೋವಾಗ ಕೇಳಿಸಬೇಕು. ಕೇಳಿಸ್ಕೊಂಡು ಒದ್ದಾಡಲಿ ಅಂತ."

ಎಲ್ಡನ್ ತಡಬಡಾಯಿಸಿ ಒಂದು ಹಾಡು ಹಾಕಿಬಿಟ್ಟ. ಮಾರಿಟ್ ಹೊರಬಂದಾಗ ಅವಳ ಕೆನ್ನೆ ಬಿಸಿಯಾಗಿತ್ತು, ಹೆಜ್ಜೆ ಹಗುರವಾಗಿತ್ತು. ಬೇಕರಿಯಲ್ಲಿ ನಿಂತು ದಾಲ್ಚಿನ್ನಿ ಹಾಕಿದ ದೊಡ್ಡ ಬನ್ನೊಂದನ್ನು ಕೊಂಡು ಪೂರ್ತಿ ತಿಂದಳು.

ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ ವರ್ನಾ ಏದುಸಿರು ಬಿಡುತ್ತಾ ಬಂದಳು. ಬದನೇಕಾಯಿ ಬಣ್ಣದ ಕನ್ನಡಕ ಮುಖದ ಮೇಲಿತ್ತು.

"ಮೊದಲು ಇದನ್ನೇ ನೋಡಿಬಿಟ್ಟೆಯಾ ನೀನು? ಹಳೇ ಮೂರನ್ನ ನೋಡದೇನೇ?"

"ನೋಡಿದೆ. ಏನೀಗ?"

ವರ್ನಾ ಗಿರಾಕಿಗಳ ಕುರ್ಚಿಯಲ್ಲಿ ಕುಸಿದು ಕೂತಳು. ಒಂದೊಂದಾಗಿ ವಿಷಯ ಹೊರಬಂತು. ಅವರ ಸಂಘದಲ್ಲಿ ಒಂದು ಪದ್ಧತಿ ಇದೆ. ಆ ಸಿನಿಮಾಗಳನ್ನು ನೋಡಿಲ್ಲದವರಿಗೆ ಹೊಸ ಮುಖ ಎನ್ನುತ್ತಾರೆ. ಹೊಸ ಮುಖವನ್ನು ಕರೆತಂದವರು ಒಂದು ದಿನ ಮೂರನ್ನೂ ಸಾಲಾಗಿ ತೋರಿಸುತ್ತಾರೆ. ಮೂರನೆಯದರ ಕೊನೆಯಲ್ಲಿ ಒಂದು ಗುಟ್ಟು ಒಡೆಯುತ್ತದೆ. ಅದು ಬರುವಾಗ, ಕರೆತಂದವರು ಪರದೆಗೆ ಬೆನ್ನು ಹಾಕಿ ಕುರ್ಚಿ ಎಳೆದುಕೊಂಡು, ಹೊಸ ಮುಖದ ಎದುರು ಕೂರುತ್ತಾರೆ, ಆ ಮುಖವನ್ನು ನೋಡಲು. ಗುಟ್ಟೊಂದಿದೆ ಎಂಬ ಸುಳಿವನ್ನೂ ಕೊಡುವ ಹಾಗಿಲ್ಲ, ಕೊಟ್ಟರೆ ಮುಖ ಮೊದಲೇ ಕಾಯಲು ಶುರುಮಾಡುತ್ತದೆ. ಹೊಸ ಸಿನಿಮಾ ಆ ಗುಟ್ಟಿನ ಅರ್ಧವನ್ನು ಮೊದಲೇ ಬಿಚ್ಚಿಟ್ಟಿದೆ. ಈ ಸುದ್ದಿ ಗುರುವಾರ ಮಧ್ಯಾಹ್ನವಷ್ಟೇ, ಅದನ್ನು ಮೊದಲೇ ನೋಡಿದ್ದ ಬೇರೆ ಊರಿನ ಗೆಳೆಯರಿಂದ ರೂಬೆನ್‌ಗೆ ಗೊತ್ತಾಗಿ, ಅವನು ಹೌಹಾರಿ ಆ ಟಿಕೆಟ್ಟಿನ ಸುಳ್ಳು ಕಟ್ಟಿದ. ನಾಳೆ ಭಾನುವಾರಕ್ಕೆ ಸಂಘದ ಕೋಣೆಯನ್ನು ಅವಳಿಗಾಗಿ ಕಾದಿರಿಸಿದ್ದ.

"ನನ್ನ ಟಿಕೆಟ್ ನನ್ನ ಹತ್ರಾನೇ ಇತ್ತು," ಎಂದಳು ವರ್ನಾ. "ನಿನ್ನ ಸೀಟಲ್ಲಿ ಯಾರೂ ಕೂರಲಿಲ್ಲ. ಅವನು ತನ್ನ ಕೋಟು ಹಾಸಿ ಇಟ್ಟಿದ್ದ."

"ಏನದು ಗುಟ್ಟು?"

"ಸತ್ತರೂ ಹೇಳಲ್ಲ," ಎಂದಳು ವರ್ನಾ, ಕಣ್ಣೊರೆಸಲು ಕನ್ನಡಕ ತೆಗೆಯುತ್ತಾ.

ಮಾರಿಟ್‌ಗೆ ಮೊದಲು ಆದದ್ದು ಸಂತೋಷವೇ. ಸುಳ್ಳೇಕೆ ಹೇಳಬೇಕು. ಕುರುಡಾಗಿ ಎಸೆದ ಕಲ್ಲು ಸರಿಯಾದ ಜಾಗಕ್ಕೇ ತಗುಲಿದೆ ಎಂಬ ಸಂತೋಷ. ಅದು ಹೆಚ್ಚು ಹೊತ್ತು ಉಳಿಯಲಿಲ್ಲ. ಎರಡು ವರ್ಷ ಚಾನೆಲ್ ಬದಲಿಸಿದವನು ತನ್ನನ್ನು ದೂರ ಇಡಲು ಹಾಗೆ ಮಾಡಿರಲಿಲ್ಲ. ಅಷ್ಟಾದರೂ ಸಿಟ್ಟು ಹೋಗಲಿಲ್ಲ, ಜಾಗ ಬದಲಿಸಿತು. ತನ್ನ ಮುಖವನ್ನು ಅವನು ಉಪ್ಪಿನಕಾಯಿಯ ಹಾಗೆ ಭರಣಿಯಲ್ಲಿ ಮುಚ್ಚಿಟ್ಟಿದ್ದನಲ್ಲ, ತನ್ನನ್ನೊಂದು ಮಾತು ಕೇಳದೆ.

ವರ್ನಾ ಹೋಗುವ ಮುಂಚೆ ಮಾರಿಟ್ ಅವಳ ಕೈಯಿಂದ ಆ ಕನ್ನಡಕ ಇಸಿದುಕೊಂಡು, ಇದು ನಿಮಗೆ ಒಪ್ಪುವುದಿಲ್ಲ, ಸೋಮವಾರ ಬನ್ನಿ, ಬೇರೆಯದು ಹಾಕಿಕೊಡುತ್ತೇನೆ ಎಂದಳು.

ಮಧ್ಯಾಹ್ನ ರೂಬೆನ್ ಬಂದ. ಎರಡು ರಾತ್ರಿ ಸರಿಯಾಗಿ ಮಲಗದವನ ಮುಖ. ಕನ್ನಡಕ ಒಂದು ಕಡೆಗೆ ವಾಲಿತ್ತು. ಕೌಂಟರಿನ ಆಚೆ ನಿಂತು ಅವಳನ್ನೇ ನೋಡಿದ. ಅವಳ ಕೈಗೆ ತಡೆಯಲಾಗಲಿಲ್ಲ. ಅವನ ಕನ್ನಡಕ ತೆಗೆದು, ಕಡ್ಡಿ ಬಿಸಿ ಮಾಡಿ ಬಗ್ಗಿಸತೊಡಗಿದಳು.

"ರೇಡಿಯೋ ಕೇಳಿದೆ," ಎಂದ ರೂಬೆನ್. "ಕಾರು ಪಕ್ಕಕ್ಕೆ ಹಾಕಿ ಕೂತು ಕೇಳಿದೆ. ಒಂದೇ ಒಂದು ಸಲ ಸಿಗೋದು ಮಾರಿಟ್ ಅದು. ಹಾಳು ಮಾಡಿಬಿಟ್ಟೆ."

"ಹಾಳಾಗಿದ್ರೆ ನನ್ನದು ಹಾಳಾಯ್ತು. ನಿನ್ನ ಗಂಟೇನು ಹೋಯ್ತು?"

"ನಾನು ಯಾಕೆ ಹಾಗೆ ಮಾಡಿದೆ ಅಂತ ವರ್ನಾ ಹೇಳಿದ್ಲಲ್ಲ."

"ಹೇಳಿದ್ಲು. ನೀನು ಯಾಕೆ ನಕ್ಕೆ ಅಂತ ಹೇಳಲಿಲ್ಲ."

ಅವಳು ಕನ್ನಡಕವನ್ನು ಅವನ ಮುಖಕ್ಕಿಟ್ಟು, ಎರಡೂ ಕಡೆ ಬೆರಳಿನಿಂದ ಒತ್ತಿ ನೋಡಿದಳು. ಈ ಸಲ ಕಣ್ಣು ತಗ್ಗಿಸಿದವನು ಅವನು.

"ಹೆದರಿದ್ದೆ," ಎಂದ. "ನೀನು ಹಠ ಹಿಡಿದು ಒಳಗೆ ಬಂದುಬಿಟ್ರೆ ಅಂತ. ಸಿಟ್ಟು ಬಂದ್ರೆ ವಾಪಸ್ ಹೋಗ್ತೀಯ ಅನ್ನಿಸ್ತು. ಆ ನಗು ಕೆಟ್ಟದ್ದು, ನನಗೂ ಗೊತ್ತು. ಆ ಸಿನಿಮಾ ಈಗ ನನಗೇನೂ ಮಾಡಲ್ಲ ಮಾರಿಟ್. ಬಾಯಿಪಾಠ ಆಗಿಹೋಗಿದೆ. ಬೇರೆಯವರ ಮುಖದಲ್ಲೂ ನೋಡಿ ಆಯ್ತು. ನಿನ್ನ ಮುಖದಲ್ಲಿ ಮತ್ತೆ ಮೊದಲಿಂದ ನೋಡಬೇಕು ಅಂತ ಆಸೆ ಇತ್ತು. ನಿನ್ನ ಮುಖದಷ್ಟು ಇಷ್ಟವಾದ್ದು ನನಗೆ ಬೇರೆ ಇಲ್ಲ."

ಅದನ್ನು ಕೇಳಿ ಮಾರಿಟ್‌ಳ ಬೆರಳು ಅವನ ಕಿವಿಯ ಹಿಂದೆ ಒಂದು ಕ್ಷಣ ನಿಂತವು. ಒಪ್ಪಿಬಿಡೋಣ ಎನ್ನಿಸಿತು. ಆದರೆ ಸಾಲಿನಲ್ಲಿ ನಕ್ಕ ಆ ಒಂದಿಬ್ಬರ ಹಲ್ಲು ನೆನಪಾಯಿತು.

"ಸರಿ. ನಾಳೆ ಮೂರೂ ಹಾಕು, ಬರ್ತೀನಿ," ಎಂದಳು. "ಆದರೆ ನೀನು ಮೊದಲನೇ ನಿಮಿಷದಿಂದ ಬೆನ್ನು ತಿರುಗಿಸಿ ನನ್ನ ಎದುರು ಕೂರಬೇಕು. ಮೂರೂ ಮುಗಿಯೋ ತನಕ. ನೋಡ್ಕೋ ನನ್ನ ಮುಖವನ್ನ, ಕಣ್ತುಂಬ ನೋಡ್ಕೋ. ಏನೂ ಸಿಗಲ್ಲ ನಿನಗೆ."

ಅದೇ ಅವಳ ಕೊನೆಯ ಸೇಡು. ಮೂರು ಸಿನಿಮಾ ಪೂರ್ತಿ, ರೆಪ್ಪೆ ಅಲುಗಿಸದೆ, ಗೋಡೆಯಂಥ ಮುಖ ಇಟ್ಟುಕೊಂಡು ಕೂರುವುದು. ಆಸೆಪಟ್ಟದ್ದು ಒಂದು ಮೊಳ ದೂರದಲ್ಲಿದ್ದೂ ಅವನಿಗೆ ದಕ್ಕಬಾರದು. ಅದು ಮುಗಿದ ಮೇಲೆ ಎದ್ದು ಬಂದುಬಿಡುವುದು. ಅವನು ಶಿಕ್ಷೆ ಒಪ್ಪಿಕೊಂಡ.

ಭಾನುವಾರ ಹಗಲು ಸಂಘದ ಕೋಣೆಯ ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿದ್ದರು. ಬೇರೆ ಯಾರೂ ಬರದ ಹಾಗೆ ರೂಬೆನ್ ನೋಡಿಕೊಂಡಿದ್ದ. ಮಾರಿಟ್ ಸೋಫಾದಲ್ಲಿ ನೆಟ್ಟಗೆ ಕೂತಳು. ಅವನು ಮರದ ಕುರ್ಚಿ ಎಳೆದುಕೊಂಡು, ಪರದೆಗೆ ಬೆನ್ನು ಹಾಕಿ, ಕೈ ಕಟ್ಟಿ ಕೂತ. ಪರದೆಯ ನೀಲಿ ಬೆಳಕು ಅವಳ ಮುಖದ ಮೇಲೆ ಬಿತ್ತು. ಅವಳು ಅದನ್ನು ಕಲ್ಲು ಮಾಡಿಕೊಂಡಳು.

ಮೊದಲ ಸಿನಿಮಾ ಶುರುವಾಯಿತು. ದಾರಿ ತಪ್ಪಿದ ಹಡಗು, ಗಡ್ಡ ಬೆಳೆದ ನಾವಿಕರು. ನಮ್ಮ ಮುತ್ತಾತಂದಿರು ಆ ಬಂದರನ್ನು ಬಿಟ್ಟು ನೂರು ವರ್ಷವಾಯಿತು, ಅದು ಈಗ ಇದೆಯೋ ಇಲ್ಲವೋ ಎಂದು ಒಬ್ಬ ಮುದುಕ ನಾವಿಕ ಹೇಳುತ್ತಾನೆ. ಇನ್ನೊಬ್ಬ ರೇಡಿಯೋ ತಿರುಗಿಸುತ್ತಾನೆ. ಗೊರಗೊರ ಸದ್ದು. ಅದರ ನಡುವಿನಿಂದ ಒಂದು ಹೆಣ್ಣುದನಿ: ಒಂಬತ್ತನೇ ಬಂದರು ತೆರೆದಿದೆ. ದೀಪ ಉರಿಯುತ್ತಿದೆ. ಬರುವವರು ಬನ್ನಿ.

ನಾವಿಕರು ಕುಣಿದಾಡಿದರು. ಅಲ್ಲಿ ಯಾರೋ ಇದ್ದಾರೆ, ನಮ್ಮನ್ನು ಕರೆಯುತ್ತಿದ್ದಾರೆ ಎಂದು ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಈ ಜಾಗದಲ್ಲಿ ಎಲ್ಲ ಹೊಸ ಮುಖಗಳೂ ಮುಗುಳ್ನಗುತ್ತವೆ.

ಮಾರಿಟ್‌ಗೆ ಗೋಡೆಯಂಥ ಮುಖ ಮರೆತುಹೋಯಿತು. ದನಿ ಮುದುಕಿಯದಾಗಿರಲಿಲ್ಲ. ಶುಕ್ರವಾರ ಕೇಳಿದ್ದ ಅದೇ ಎಳೆಯ ದನಿ, ಬಿಗಿದ ದವಡೆಯಿಂದ ಬಂದದ್ದು, ಒಂದಕ್ಷರ ಬದಲಾಗಿರಲಿಲ್ಲ. ಅವಳ ಕಣ್ಣು ತುಂಬಿತು. ತುಂಬಿ ಕೆನ್ನೆಗಿಳಿಯಿತು, ಒರೆಸಿಕೊಳ್ಳುವುದು ಅವಳಿಗೆ ತೋಚಲಿಲ್ಲ.

ರೂಬೆನ್ ಮುಂದಕ್ಕೆ ಬಾಗಿದ. "ಇಲ್ಲಿ ಯಾರೂ ಅಳಲ್ಲ ಮಾರಿಟ್," ಎಂದು ಪಿಸುಗುಟ್ಟಿದ. "ಏನಾಯ್ತು?"

"ಅವಳಿಲ್ಲ," ಎಂದಳು ಮಾರಿಟ್. "ಇವರು ಕುಣೀತಿದಾರೆ. ಅವಳು ಸತ್ತು ಎಷ್ಟು ಕಾಲ ಆಯ್ತೋ. ಅವತ್ತು ರೆಕಾರ್ಡ್ ಮಾಡಿಟ್ಟ ಆ ದನಿ ಒಂದೇ ಉಳಿದಿದೆ."

ಮೂರನೇ ಸಿನಿಮಾದ ಕೊನೆಯಲ್ಲಿ ಒಡೆಯಬೇಕಾದ ಗುಟ್ಟು ಅದೇ. ರೂಬೆನ್‌ನ ಬೆನ್ನ ಹಿಂದೆ ದನಿ ಮತ್ತೊಮ್ಮೆ ಕರೆಯಿತು. ಬಾಯಿಪಾಠವಾಗಿದ್ದ ಆ ಮಾತನ್ನು ಅವನು ಆಗ ಮೊದಲ ಸಲ ಕೇಳಿದ. ನಾವಿಕರಿಗಾಗಿ ಕಾದ ದನಿಯಲ್ಲ ಅದು, ಒಬ್ಬನ ಮೇಲಿನ ಸಿಟ್ಟಿಗೆ ಕೂತು, ಕೂತಲ್ಲೇ ಮುಗಿದುಹೋದವಳ ದನಿ.

"ಓರಿನ್ ಬರಲೇ ಇಲ್ಲ," ಎಂದಳು ಮಾರಿಟ್. "ಇವಳೂ ಸಿಟ್ಟು ಬಿಡಲಿಲ್ಲ. ಒದ್ದಾಡಲಿ ಅಂತ ರೇಡಿಯೋದಲ್ಲಿ ಹೇಳಿ ಬಂದೆನಲ್ಲ, ನನಗೆಷ್ಟು ಖುಷಿಯಾಗಿತ್ತು ಗೊತ್ತಾ ಆಗ. ನನಗೆ ಹೀಗಾಗೋದು ಬೇಡ ರೂಬೆನ್."

"ನಿನ್ನನ್ನ ಕೇಳದೆ ನಾನು ಇನ್ನು ಏನೂ ತೀರ್ಮಾನ ಮಾಡಲ್ಲ," ಎಂದ ಅವನು. "ಆ ನಗೂಗೆ ಸಾಲಲ್ಲಿದ್ದ ಎಲ್ಲರ ಮುಂದೇನೂ ಕ್ಷಮೆ ಕೇಳ್ತೀನಿ."

"ಕೇಳ್ಬೇಕು. ಬಿಡ್ತೀನಿ ಅಂದ್ಕೋಬೇಡ." ಅವಳು ಸೋಫಾದಲ್ಲಿ ಪಕ್ಕಕ್ಕೆ ಸರಿದು ಜಾಗ ಮಾಡಿದಳು. "ಶಿಕ್ಷೆ ಸಾಕು. ಬಾ, ಇಲ್ಲಿ ಕೂತು ನೀನೂ ನೋಡು."

ರೂಬೆನ್ ಏಳಲಿಲ್ಲ. ಕುರ್ಚಿಯನ್ನು ಅವಳ ಮೊಣಕಾಲಿಗೆ ತಾಗುವಷ್ಟು ಮುಂದಕ್ಕೆ ಎಳೆದುಕೊಂಡು, ಅವಳ ಎರಡೂ ಕೈ ಹಿಡಿದುಕೊಂಡ.

"ಬೇಡ," ಎಂದ. "ನನಗೆ ಇಲ್ಲಿಂದಲೇ ಚೆನ್ನಾಗಿ ಕಾಣ್ತಿದೆ."

ಮಾರಿಟ್ ಭುಜಕ್ಕೆ ಮೂಗೊರೆಸಿಕೊಂಡು ಪರದೆಯ ಕಡೆ ತಿರುಗಿದಳು. ಅವಳು ಸಿನಿಮಾ ನೋಡಿದಳು, ಅವನು ಅವಳನ್ನು ನೋಡಿದ.